ಇವರು ಕಲ್ಯಾಣಿ ಹಾಡಿ ಮುಗಿಸಿದ್ದು

ಸಂಗೀತದವರನ್ನು ಮದುವೆಯಾದವಳಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಅದರಲ್ಲೂ ಯಾರಿಗೂ ಗೊತ್ತಿಲ್ಲದ ಸಂಗೀತದವರನ್ನು ಮದುವೆಯಾಗಿ, ಅವರ ಹಿಂದೆ ಬೊಂಬಾಯಿಗೂ ಬಂದುಬಿಟ್ಟರೆ ದಿನಕ್ಕೆರಡು. ನಾನು ಈ ಎರಡನೆಯ ಗುಂಪಿನವಳು. ಈಗ ಕೂತು ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮಾತ್ರ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಐವತ್ತರ ದಶಕದ ಮಾತು. ಇವರು, ಅಂದರೆ ನಮ್ಮ ಯಜಮಾನರು, ಹಗಲೆಲ್ಲ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪ್ ಕುಟ್ಟುತ್ತಿದ್ದರು. ಸಂಜೆ, ಯಾರಾದರೂ ಕರೆದರೆ, ಹಾಡುತ್ತಿದ್ದರು. ಮೃದಂಗದವರು ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಪಿಟೀಲಿನವರು ಯಾರೂ ನಮಗೆ ಗಂಟುಬೀಳಲಿಲ್ಲ. ತಂಬೂರಿಗೆ ನಾನು. "ನಾಲ್ಕು ತಂತಿ ಮೀಟೋದಕ್ಕೆ ವಿದ್ಯೆ ಬೇಡ ಕಣೇ, ತಾಳ್ಮೆ ಇದ್ದರೆ ಸಾಕು, ಅದು ನಿನಗಿದೆ" ಅಂದಿದ್ದರು ಇವರು. ನನಗೆ ತಾಳ್ಮೆ ಇದೆ ಅಂತ ಹೇಳಿದವರು ಇವರೊಬ್ಬರೇ. ಹೆತ್ತ ತಾಯಿ ಕೂಡ ಆ ಮಾತು ಆಡಿರಲಿಲ್ಲ.

ಇವರಿಗೆ ಒಂದೇ ಒಂದು ಹಂಬಲ. ಮೈಸೂರು ಬಿಟ್ಟು ಹೊರಡುವಾಗ ಗುರುಗಳು ಹೇಳಿದ್ದರಂತೆ: "ಕಲ್ಯಾಣಿ ರಾಗ ತಗೊಂಡು, ಆಲಾಪನೆ, ಕೀರ್ತನೆ, ಸ್ವರ ಎಲ್ಲಾ ಸೇರಿಸಿ, ಒಂದು ಸಲ ಜನರ ಮುಂದೆ ಹಾಡಿ ಮುಗಿಸು. ಮುಗಿಸಿದ ದಿನ ನೀನು ಹಾಡುಗಾರ. ಅಲ್ಲೀತನಕ ಹಾಡು ಕಲಿತವನು, ಅಷ್ಟೆ." ಈ ಮಾತು ಇವರ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂತುಬಿಟ್ಟಿತು. ಕಲ್ಯಾಣಿ ಪೂರ್ತಿ ಹಾಡುವುದಕ್ಕೆ ನಲವತ್ತು ನಿಮಿಷ ಬೇಕು. ಬೊಂಬಾಯಿಯಲ್ಲಿ ಜನ ನಲವತ್ತು ನಿಮಿಷ ಒಂದೇ ಕಡೆ ಇರುವುದು ಲೋಕಲ್ ಟ್ರೈನಿನಲ್ಲಿ ಮಾತ್ರ, ಅದೂ ನಿಂತುಕೊಂಡು.

ಚಾಳಿನ ಗಡಿಯಾರ

ನಮ್ಮದು ಗಿರಗಾಂವ್ ಕಡೆ ಒಂದು ಚಾಳಿನಲ್ಲಿ ಎರಡನೇ ಮಹಡಿಯ ಒಂದೇ ಕೋಣೆ. ಒಂದು ಕಡೆ ಮರಾಠಿಯವರು, ಇನ್ನೊಂದು ಕಡೆ ಗುಜರಾತಿಗಳು, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಇವರು ಬೆಳಿಗ್ಗೆ ಐದೂವರೆಗೇ ಸಾಧನೆಗೆ ಕೂತುಬಿಡುತ್ತಿದ್ದರು. ಗೋಡೆ ಎಷ್ಟು ತೆಳ್ಳಗಿತ್ತೆಂದರೆ ಪಕ್ಕದ ಮನೆಯವರು ಸೀನಿದರೆ ನಮ್ಮ ದೀಪ ಅಲ್ಲಾಡುತ್ತಿತ್ತು. ಯಾರು ಯಾವಾಗ ಬಂದು ಬೈಯುತ್ತಾರೋ ಅಂತ ನನಗೆ ದಿನವೂ ಪುಕುಪುಕು.

ಮೂರು ತಿಂಗಳಾದರೂ ಯಾರೂ ಬೈಯಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ನಮ್ಮ ಚಾಳಿನವರು ಏನು ರಸಿಕರಪ್ಪ ಅಂದುಕೊಂಡೆ. ಒಂದು ದಿನ ನಲ್ಲಿಯ ಹತ್ತಿರ ಪಕ್ಕದ ಮರಾಠಿ ಮನೆಯ ಮೌಶಿ, ಅಂದರೆ ಚಿಕ್ಕಮ್ಮ, ನಿಜ ಹೇಳಿದರು. "ನಿನ್ನ ಗಂಡ ನಿಧಾನಕ್ಕೆ ಹಾಡುವಾಗ ನಾನು ಸ್ಟೋವ್ ಹಚ್ಚುತ್ತೇನೆ. ಜೋರು ಮಾಡಿದರೆ ಊಟದ ಡಬ್ಬ ಕಟ್ಟುತ್ತೇನೆ. ಅವನು ನಿಲ್ಲಿಸಿದ ಕೂಡಲೇ ನಮ್ಮವರು ಚಪ್ಪಲಿ ಮೆಟ್ಟಿ ಲೋಕಲ್‌ಗೆ ಓಡುತ್ತಾರೆ. ಮಹಡಿಯವರೆಲ್ಲ ಹಾಗೇ. ಗಡಿಯಾರಕ್ಕೆ ಕೀಲಿ ಕೊಟ್ಟು ಎಷ್ಟು ದಿನ ಆಯಿತೋ."

ಇದಾದ ಮುಂದಿನ ಸೋಮವಾರವೇ ಇವರಿಗೆ ಕಲ್ಯಾಣಿ ಸಿಕ್ಕಾಪಟ್ಟೆ ಒಲಿದುಬಿಟ್ಟಿತು. ಕಣ್ಣು ಮುಚ್ಚಿ ಹಾಡಿದ್ದೇ ಹಾಡಿದ್ದು. ನಾನು ಕಾಫಿ ಲೋಟ ತಂದು ಎದುರಿಗಿಟ್ಟು ಕೆಮ್ಮಿದೆ. ಪ್ರಯೋಜನವಾಗಲಿಲ್ಲ. ಮಹಡಿಯ ಗಂಡಸರೆಲ್ಲ ಸ್ನಾನ ಮಾಡಿ, ಶರಟು ಹಾಕಿಕೊಂಡು, ಹಾಡು ಇನ್ನೂ ನಡೀತಿದೆಯಲ್ಲ, ಟೈಮಿದೆ ಅಂತ ಆರಾಮವಾಗಿ ಎರಡನೇ ಚಹಾ ಕುಡಿದರಂತೆ. ಇಡೀ ಮಹಡಿಗೆ ಮಹಡಿಯೇ ಲೋಕಲ್ ತಪ್ಪಿಸಿಕೊಂಡಿತು.

ಸಂಜೆ ನಾಲ್ಕು ಜನ ಬಾಗಿಲಿಗೆ ಬಂದರು. ಹೊಗಳುವುದಕ್ಕೆ ಬಂದಿದ್ದಾರೆ ಅಂತ ಇವರು ಒಳಗೆ ಹೋಗಿ ಇಸ್ತ್ರಿ ಶರಟು ಹಾಕಿಕೊಂಡು ಬಂದರು. ಬಂದವರಲ್ಲಿ ಹಿರಿಯರು ಬಹಳ ಮರ್ಯಾದೆಯಿಂದ, "ಹಾಡು ಚೆನ್ನಾಗಿತ್ತು, ಆದರೆ ಇಪ್ಪತ್ತು ನಿಮಿಷ ಲೇಟ್" ಅಂದರು. ಇವರು ತಪ್ಪಾಯಿತು ಅಂದರು. ಹೊರಟ ಹಿರಿಯರು ಮತ್ತೆ ತಿರುಗಿ ಬಂದು, "ಭಾನುವಾರ ಮಾತ್ರ ಒಂದು ಗಂಟೆ ತಡವಾಗಿ ಶುರುಮಾಡಿ, ಅವತ್ತು ನಮಗೆ ರಜಾ" ಅಂತ ಹೇಳಿ ಹೋದರು.

ಎಂಟನೆಯ ತಿಂಗಳು

ಕಚೇರಿಗಳಿಗೆ ತಂಬೂರಿ ಸಾಗಿಸುವುದೇ ಒಂದು ದೊಡ್ಡ ಕತೆ. ಲೋಕಲ್ಲಿನ ಗಂಡಸರ ಡಬ್ಬದ ನೂಕುನುಗ್ಗಲಿನಲ್ಲಿ ಬುರುಡೆ ಒಡೆದೀತು ಅಂತ ಅದು ನನ್ನ ಜೊತೆ ಲೇಡೀಸ್ ಡಬ್ಬದಲ್ಲೇ ಬರಬೇಕು. ಧೂಳು ಕೂರದ ಹಾಗೆ ನನ್ನದೇ ಒಂದು ಹಳೆಯ ಸೀರೆಯನ್ನು ಬುಡದಿಂದ ತಲೆಯವರೆಗೆ ಸುತ್ತುತ್ತಿದ್ದೆ.

ಒಂದು ಗಣೇಶನ ಹಬ್ಬದಲ್ಲಿ ಮಲಾಡಿಗೆ ಹೋಗಬೇಕಿತ್ತು. ಮೋಡ ಮುಚ್ಚಿಕೊಂಡಿತ್ತು, ಡಬ್ಬದ ದೀಪ ಮಿಣಿಮಿಣಿ ಅನ್ನುತ್ತಿತ್ತು. ನಾನು ಮೂಲೆಯಲ್ಲಿ ತಂಬೂರಿಯನ್ನು ಒರಗಿಸಿಕೊಂಡು, ಅದರ ಹೆಗಲ ಮೇಲೆ ಕೈಹಾಕಿ ನಿಂತಿದ್ದೆ. ಎದುರಿಗೆ ಕೂತಿದ್ದ ಗುಜರಾತಿ ಅಜ್ಜಿ ಕನ್ನಡಕ ಸರಿಮಾಡಿಕೊಂಡು, ತಲೆತುಂಬ ಸೆರಗು ಹೊದ್ದು ಮಾತಿಲ್ಲದೆ ನಿಂತಿದ್ದ ನನ್ನ ಜೊತೆಗಾರ್ತಿಯನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆಯ ಹತ್ತಿರ ಬಂದಾಗ ಅವರ ಕಣ್ಣು ನಿಂತಿತು.

"ಕೌನಸಾ ಮಹೀನಾ?" ಅಂದರು.

ನನಗೆ ಆಗ ಹಿಂದಿ ಅಷ್ಟಕ್ಕಷ್ಟೆ. ಮಹೀನಾ ಅಂದರೆ ತಿಂಗಳು ಅಂತ ಗೊತ್ತಿತ್ತು. ಬೊಂಬಾಯಿಗೆ ಯಾವ ತಿಂಗಳಲ್ಲಿ ಬಂದಿರಿ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. ನಾವು ಬಂದಿದ್ದು ಆಗಸ್ಟ್. ಬೆರಳೆಣಿಸಿ, "ಆಠವಾಂ" ಅಂದೆ. ಎಂಟನೆಯದು.

ಅಜ್ಜಿ ದಡಕ್ಕನೆ ಎದ್ದರು. ಇಡೀ ಡಬ್ಬದಲ್ಲಿ ಗುಜುಗುಜು ಶುರುವಾಯಿತು. ಇಬ್ಬರು ಸೇರಿ ತಂಬೂರಿಗೆ ದಾರಿ ಬಿಡಿಸಿ ಕಿಟಕಿ ಪಕ್ಕ ಕೂರಿಸುವುದಕ್ಕೆ ಜಾಗ ಮಾಡಿದರು. ನಾನು, ಅಯ್ಯೋ ಎಷ್ಟು ಒಳ್ಳೆಯವರಪ್ಪ, ವಾದ್ಯಕ್ಕೂ ಎಷ್ಟು ಗೌರವ ಅಂತ ಅದನ್ನು ಜೋಪಾನವಾಗಿ ಕೂರಿಸಿದೆ. ಒಬ್ಬಾಕೆ ವಾಂತಿ ಬಂದರೆ ಇರಲಿ ಅಂತ ಒಂದು ನಿಂಬೆಹಣ್ಣನ್ನು ಅದರ ಮಡಿಲಲ್ಲಿಟ್ಟಳು. ಪೂಜೆಗೆ ಅಂದುಕೊಂಡೆ. ನನಗೆ ಕೂತುಕೋ ಅಂತ ಯಾರೂ ಹೇಳಲಿಲ್ಲ.

ಮಲಾಡ್ ಸ್ಟೇಷನ್ ಬಂತು. ನಾನು ಸೆರಗು ಬಿಗಿದು, ಎಂಟು ತಿಂಗಳ ಬಸುರಿಯನ್ನು ಕುತ್ತಿಗೆ ಹಿಡಿದು ಮೇಲಕ್ಕೆತ್ತಿ ಹೆಗಲಿಗೆ ಹಾಕಿಕೊಂಡು ಇಳಿದೆ. ಡಬ್ಬದಲ್ಲಿ ಎದ್ದ ಕೂಗು ಮುಂದಿನ ಡಬ್ಬದಲ್ಲಿದ್ದ ಇವರಿಗೂ ಕೇಳಿಸಿ, ಓಡಿ ಬಂದು, "ಏನಾಯ್ತೇ?" ಅಂದರು. "ಏನೂ ಇಲ್ಲ, ತಾಯಿ ಮಗು ಕ್ಷೇಮ" ಅಂದೆ. ಅಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು.

ಮಲಾಡಿನಲ್ಲಿ ಶ್ರುತಿ

ಅದೇ ಸಂಜೆ. ಮಲಾಡಿನಲ್ಲಿ ಆಗ ಸ್ಟೇಷನ್ ದಾಟಿದರೆ ಗದ್ದೆ, ಪೊದೆ, ಜವುಗು. ಗಣಪತಿ ಕೂರಿಸಿದ್ದ ಚಪ್ಪರವೂ ಒಂದು ಪೊದೆಯ ಅಂಚಿನಲ್ಲೇ ಇತ್ತು. ಕೂತವರಲ್ಲಿ ಬಹುಪಾಲು ಮರಾಠಿಯವರು. ಅಲ್ಲಿನ ಸೆಕ್ರೆಟರಿ ಇವರ ಆಫೀಸಿನವರು, ಆ ಗುರುತಿನ ಮೇಲೆ ನಮ್ಮನ್ನು ಕರೆಸಿದ್ದರು. ಪೂರ್ತಿ ಒಂದು ಗಂಟೆ ಕೊಡುತ್ತೇನೆ ಅಂತಲೂ ಹೇಳಿದ್ದರು. ಒಂದು ಗಂಟೆ ಅಂದರೆ ಕಲ್ಯಾಣಿ ಆರಾಮಾಗಿ ಮುಗಿಯುತ್ತದೆ. ಇವರು ಬೆಳಿಗ್ಗೆಯಿಂದ ಯಾರ ಜೊತೆಗೂ ಮಾತಾಡದೆ ಗಂಟಲು ಕಾಪಾಡಿಕೊಂಡಿದ್ದರು.

ಹಲಗೆಯ ವೇದಿಕೆ ಹತ್ತಿ ಕೂತೆವು. ರೈಲಿನಲ್ಲಿ ಅಷ್ಟು ಆರೈಕೆ ಮಾಡಿಸಿಕೊಂಡು ಬಂದ ತಂಬೂರಿಯ ಶ್ರುತಿ ಇಳಿದುಹೋಗಿತ್ತು. ತಂಬೂರಿಯಲ್ಲಿ ಇರುವುದೇ ಎರಡು ಸ್ವರ, ಸಾ ಮತ್ತು ಪಾ. ಇವರು ಮೈಕಿನ ಮುಂದೆಯೇ ನನಗೆ ಹೇಳಿಕೊಡುವುದಕ್ಕೆ ಶುರುಮಾಡಿದರು.

"ಸಾ... ಪ... ಸಾಪ ನೋಡು. ಸಾಪ ಸರಿಯಿಲ್ಲ. ಅಲ್ಲೇ, ಕೆಳಗಡೆ ನೋಡು. ಸಾಪ, ಸಾಪ."

ತಂತಿಯ ಬುಡದಲ್ಲಿ ಶ್ರುತಿ ತಿದ್ದುವ ಮಣಿಗಳು ಇರುತ್ತವೆ. ಅವನ್ನು ಸರಿಸು ಅಂತ ಇವರು ನನ್ನ ಮಡಿಲ ಕಡೆ, ಹಲಗೆಯ ಕಡೆ ಬೆರಳು ತೋರಿಸುತ್ತಿದ್ದರು. ಮೊದಲ ಸಾಲಿನಲ್ಲಿ ಒಬ್ಬಾಕೆ ಮಗುವನ್ನು ಎತ್ತಿಕೊಂಡು ನಿಂತಳು. ಆಮೇಲೆ ಸಾಲಿಗೆ ಸಾಲೇ ಎದ್ದಿತು. "ಕುಠೇ ಆಹೇ? ಕುಠೇ ಆಹೇ?" ಎಲ್ಲಿದೆ, ಎಲ್ಲಿದೆ ಅಂತ ಗಂಡಸರು ದೊಣ್ಣೆ ಹಿಡಿದು ವೇದಿಕೆಯ ಹತ್ತಿರ ಬಂದರು. ಸಾಪ ಅಂದರೆ ಮರಾಠಿಯಲ್ಲಿ ಹಾವು ಅಂತ ನಮ್ಮ ಮೂವರಲ್ಲಿ ಮೊದಲು ಹೊಳೆದದ್ದು ಮೃದಂಗದವರಿಗೆ. ಹೊಳೆದರೂ ಅವರು ಹೇಳಲಿಲ್ಲ, ಮೃದಂಗ ಎತ್ತಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತರು.

ಇವರು ಮಾತ್ರ ಕಂಗಾಲು. "ನಹೀಂ, ನಹೀಂ, ಸಾಪ ನಹೀಂ" ಅಂತ ಮೈಕಿನಲ್ಲಿ ಹೇಳುವುದಕ್ಕೆ ಹೋದರು. ಅಷ್ಟರಲ್ಲಿ ದೊಣ್ಣೆಯವರು ಹಲಗೆ ಎತ್ತಿ ಪೆಟ್ರೋಮ್ಯಾಕ್ಸ್ ಹಿಡಿದರು. ಹಲಗೆಯ ಕೆಳಗೆ, ನಾನು ಕೂತಿದ್ದ ಜಾಗದಿಂದ ಗೇಣು ದೂರದಲ್ಲಿ, ಮಾರುದ್ದದ ಒಂದು ಹಾವು ಸುತ್ತಿಕೊಂಡು ಮಲಗಿತ್ತು. ನಿಜವಾದ ಹಾವು.

ಅದನ್ನು ಹಿಡಿದು ದೂರ ಬಿಟ್ಟು ಬರುವ ಹೊತ್ತಿಗೆ ನಮ್ಮ ಒಂದು ಗಂಟೆ ಮುಗಿದಿತ್ತು. ಆದರೆ ಜನ ಇವರ ಕಾಲು ಮುಟ್ಟುವುದೊಂದು ಬಾಕಿ. ಅಧ್ಯಕ್ಷರು ಗಣಪತಿಯ ಕೊರಳಿನ ಹಾರವನ್ನೇ ತೆಗೆದು ಇವರಿಗೆ ಹಾಕಿ, ಹಲಗೆ ಕೆಳಗಿನದ್ದು ಮೇಲಿಂದಲೇ ಕಂಡ ಮಹಾನುಭಾವರು ಅಂತ ಭಾಷಣ ಮಾಡಿದರು. "ನಾನು ಶ್ರುತಿ ಮಾಡ್ತಿದ್ದೆ ಸ್ವಾಮಿ" ಅಂತ ಇವರು ಎಷ್ಟು ಹೇಳಿದರೂ, ದೊಡ್ಡವರು ಹಾಗೇ ವಿನಯ ತೋರಿಸುವುದು ಅಂದುಕೊಂಡರು. ಸ್ಟೇಷನ್ನಿನವರೆಗೆ ಬಂದು ಬೀಳ್ಕೊಟ್ಟ ಸೆಕ್ರೆಟರಿ ಇವರ ಕೈ ಹಿಡಿದುಕೊಂಡು ಹೇಳಿದರು: "ಮುಂದಿನ ವರ್ಷವೂ ನೀವೇ ಬರಬೇಕು. ಹಾಡಲೇಬೇಕು ಅಂತೇನಿಲ್ಲ."

ಖಾಲಿ

ಮೃದಂಗದವರು ಮ್ಯಾನೇಜರಾಗಿದ್ದ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಮಾಳಿಗೆಯ ಮೇಲೆ ಹೊಸದಾಗಿ ಫ್ಯಾಮಿಲಿ ರೂಮ್ ಕಟ್ಟಿಸಿದರು. ಅದರ ಪೂಜೆಗೆ ಒಂದು ಕಚೇರಿ ಇರಲಿ ಅಂತ ಧಣಿಗಳು ಒಪ್ಪಿದರು. ಮಧ್ಯಾಹ್ನ ನಾಲ್ಕು ಗಂಟೆಗೆ ನಲವತ್ತು ಐವತ್ತು ಜನ ಕೂತಿದ್ದರು, ಎಲ್ಲರೂ ನಮ್ಮವರೇ. ಮುಂದಿನ ಸಾಲಿನಲ್ಲಿ ಧಾರವಾಡದ ಒಬ್ಬ ಹಿರಿಯರು, ಹಿಂದೂಸ್ತಾನಿ ಬಲ್ಲವರು, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದರು. ಕೇಳುವವರು ಒಬ್ಬರು ಸಿಕ್ಕರು ಅಂತ ಇವರ ಮುಖ ಅರಳಿತು.

ಕಲ್ಯಾಣಿ ಶುರುವಾಯಿತು. ಆಲಾಪನೆ ಮುಗಿಯಿತು, ಕೀರ್ತನೆಯೂ ಅರ್ಧ ದಾರಿ ದಾಟಿತು. ಇಷ್ಟು ದೂರ ನಾವು ಎಂದೂ ಬಂದಿರಲಿಲ್ಲ. ಮೃದಂಗದವರಿಗೂ ಒಂದು ಅವಕಾಶ ಇರಲಿ ಅಂತ ಇವರು ಕಣ್ಣಿನಲ್ಲೇ ಸನ್ನೆ ಮಾಡಿದರು, ಅವರು ಒಬ್ಬರೇ ನುಡಿಸುವುದಕ್ಕೆ ಶುರುಮಾಡಿದರು. ಅದ್ಭುತವಾಗಿ ನುಡಿಸುತ್ತಿದ್ದರು ಮಹಾನುಭಾವರು.

ಕೆಳಗೆ ಹೋಟೆಲು ನಡೆದೇ ಇತ್ತು. ವೇಟರು ಮೆಟ್ಟಿಲ ಬುಡದಿಂದ, "ದೋ ಬಟಾಟೆ ವಡೆ" ಅಂತ ಕೂಗಿದ. ಹದಿನೈದು ವರ್ಷದ ಅಭ್ಯಾಸ. ಮೃದಂಗದವರ ಕೈ ಎಲ್ಲೂ ತಪ್ಪಲಿಲ್ಲ, ಬಾಯಿ ಮಾತ್ರ ಗಟ್ಟಿಯಾಗಿ, "ವಡೆ ಖಾಲಿ" ಅಂದುಬಿಟ್ಟಿತು.

ಮೈಕಿನಲ್ಲಿ ಅಂದದ್ದು. ಒಂದು ಗಂಟೆಯಿಂದ ಕೆಳಗಿನ ಎಣ್ಣೆಯ ವಾಸನೆ ಕುಡಿದುಕೊಂಡು ಕೂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಡೆ ಮುಗಿಯಿತು ಅಂದರೆ ಮುಂದೆ ಬನ್ಸು, ಬನ್ಸು ಮುಗಿದರೆ ಕೇಸರಿಬಾತು. ಹಿಂದಿನ ಸಾಲಿನವರು ಮೆಲ್ಲಗೆ ಎದ್ದರು, ಮಧ್ಯದವರು ಅವರ ಹಿಂದೆ. ಅಡಿಗೆಮನೆಯಲ್ಲಿ ಏನಾಗಿದೆ ನೋಡುವುದಕ್ಕೆ ಧಣಿಗಳೂ ಇಳಿದರು. ಮೃದಂಗ ನಿಲ್ಲುವ ಹೊತ್ತಿಗೆ ಫ್ಯಾಮಿಲಿ ರೂಮಿನಲ್ಲಿ ಉಳಿದದ್ದು ನಾವು ಮೂವರು ಮತ್ತು ಕಣ್ಣು ಮುಚ್ಚಿದ್ದ ಧಾರವಾಡದವರು.

"ಎಂತ ಮಾಡುದು ಮಾರಾಯ್ರೆ, ಬಾಯಿ ಅದರಷ್ಟಕ್ಕೇ ಹೇಳಿತು" ಅಂತ ಮೃದಂಗದವರು ತಲೆ ತಗ್ಗಿಸಿದರು. ಧಾರವಾಡದವರು ಇನ್ನೂ ಕಣ್ಣು ಮುಚ್ಚಿಕೊಂಡೇ ತಲೆದೂಗಿದರು. ಹಿಂದೂಸ್ತಾನಿಯವರ ತಾಳದಲ್ಲಿ ಪೆಟ್ಟಿಲ್ಲದ ಒಂದು ಜಾಗ ಇರುತ್ತದೆ, ಅದಕ್ಕೆ ಅವರು ಖಾಲಿ ಅನ್ನುತ್ತಾರೆ. "ಎಲ್ಲಾರೂ ಖಾಲಿ ಕೈಯಾಗ ತೋರಸ್ತಾರ. ನೀವು ಬಾಯಿ ಬಿಟ್ಟು ಹೇಳಿದ್ರಿ ನೋಡ್ರಿ. ಬರೋಬರಿ ಜಾಗಾದಾಗ ಬಂತ್ರಿ" ಅಂದರು. ಆಮೇಲೆ ಕಣ್ಣು ಬಿಟ್ಟು ಸುತ್ತ ನೋಡಿ, "ಸಭಾನೂ ಖಾಲಿ ಆತಲ್ರಿ" ಅಂದರು.

ಪ್ರಾರ್ಥನೆ

ನಮ್ಮ ಕನ್ನಡದವರದೇ ಒಂದು ಸಂಘವಿತ್ತು. ಅದರ ವಾರ್ಷಿಕೋತ್ಸವಕ್ಕೆ ವರ್ಷವೂ ಇವರಿಗೆ ಕರೆ ಬರುತ್ತಿತ್ತು, ಪ್ರಾರ್ಥನೆಗೆ. ಪ್ರಾರ್ಥನೆ ಅಂದರೆ ಎರಡು ನಿಮಿಷದ ಶ್ಲೋಕ, ಆಮೇಲೆ ಹಿಂದಿನ ಬಾಗಿಲಿನಿಂದ ಇಳಿದು ಹೋಗುವುದು. "ನಾನೇನು ಪ್ರಾರ್ಥನೆಗೇ ಹುಟ್ಟಿದವನಾ?" ಅಂತ ಇವರು ಮನೆಯಲ್ಲಿ ಕೂಗಾಡುತ್ತಿದ್ದರು. ನಾಲ್ಕನೆಯ ವರ್ಷ ಮಾತ್ರ ಕೂಗಾಡಲಿಲ್ಲ. ಆಹ್ವಾನ ಪತ್ರಿಕೆ ಓದಿ ಸುಮ್ಮನೆ ನಕ್ಕರು. ಆ ನಗು ನೋಡಿಯೇ ನನಗೆ ಅನುಮಾನ.

ಪ್ರಾರ್ಥನೆಯಾಗುವಾಗ ಸಭೆ ಎದ್ದು ನಿಲ್ಲಬೇಕು, ನಡುವೆ ಕೂರುವ ಹಾಗಿಲ್ಲ, ಹೊರಗೆ ಹೋಗುವ ಹಾಗಂತೂ ಇಲ್ಲ. ಇದು ಇವರ ತಲೆಗೆ ಹೊಳೆದಿತ್ತು. ಜನರೆಲ್ಲ ಎದ್ದು ಕೈಮುಗಿದ ಮೇಲೆ ಇವರು ಶ್ಲೋಕ ಹೇಳಲಿಲ್ಲ. ಕಲ್ಯಾಣಿಯ ಆಲಾಪನೆ ಎತ್ತಿಕೊಂಡರು.

ಐದು ನಿಮಿಷ ಭಕ್ತಿಯಿಂದ ಕಳೆಯಿತು. ಹತ್ತು ನಿಮಿಷಕ್ಕೆ ಜನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸತೊಡಗಿದರು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ವಯಸ್ಸಾದವರು, ಮಂಡಿನೋವಿನವರು. ಹದಿನೈದು ನಿಮಿಷಕ್ಕೆ ಅವರು ಅಧ್ಯಕ್ಷರ ಮೇಲೆ ಒರಗಿದ್ದರು, ಅಧ್ಯಕ್ಷರು ಮೇಜಿನ ಮೇಲೆ ಒರಗಿದ್ದರು. ಕಾರ್ಯದರ್ಶಿಗಳು ಬಗ್ಗಿಕೊಂಡು ನನ್ನ ಹಿಂದೆ ಬಂದು ಪಿಸುಗುಟ್ಟಿದರು: "ಅಮ್ಮಾ, ಇದು ಯಾವ ದೇವರ ಪ್ರಾರ್ಥನೆ?"

"ದೇವರು ಇನ್ನೂ ಬಂದಿಲ್ಲ, ಈಗ ರಾಗ ನಡೀತಿದೆ" ಅಂದೆ. ನಿಜವನ್ನೇ ಹೇಳಿದ್ದು.

ಇಪ್ಪತ್ತನೆಯ ನಿಮಿಷಕ್ಕೆ ಮುಖ್ಯ ಅತಿಥಿಗಳು, "ದೇವರು ಕ್ಷಮಿಸಲಿ, ನಾನು ಕೂತೆ" ಅಂತ ಕೂತುಬಿಟ್ಟರು. ಅದನ್ನೇ ಕಾದಿದ್ದ ಸಭೆ ಒಟ್ಟಿಗೆ ಕೂತಿತು. ಇನ್ನೂರು ಕಬ್ಬಿಣದ ಕುರ್ಚಿಗಳ ಸದ್ದಿನಲ್ಲಿ ಕಲ್ಯಾಣಿ ಎಲ್ಲಿ ಹೋಯಿತೋ. ಕಾರ್ಯದರ್ಶಿಗಳು ಮೈಕು ಕಿತ್ತುಕೊಂಡು ಪ್ರಾರ್ಥನೆ ಮಾಡಿದವರಿಗೆ ವಂದನೆ ಹೇಳಿದರು. ಮುಂದಿನ ವರ್ಷದ ಆಹ್ವಾನ ಪತ್ರಿಕೆಯಲ್ಲಿ "ಪ್ರಾರ್ಥನೆ" ಅಂತ ಅಚ್ಚು ಹಾಕಿಸಿ, ಇವರ ಹೆಸರಿನ ಪಕ್ಕದಲ್ಲಿ ಕಂಸದೊಳಗೆ "ಚಿಕ್ಕದು" ಅಂತ ಸೇರಿಸಿದ್ದರು.

ನಾನು ನಕ್ಕೂ ನಕ್ಕೂ ಸಾಕಾದೆ. ಇವರು ನಗಲಿಲ್ಲ. ಕಾಗದವನ್ನು ಮಡಿಸಿಟ್ಟು, "ಹಾಡು ಬಿಟ್ಟುಬಿಡ್ತೀನಿ ಕಣೇ, ನನ್ನ ಕೈಲಾಗಲ್ಲ" ಅಂದರು. ತಂಬೂರಿಯನ್ನು ಅಟ್ಟಕ್ಕೆ ಹಾಕಿದರು. ಬೆಳಗಿನ ಸಾಧನೆ ನಿಂತಿತು. ಚಾಳಿನವರು ಲೋಕಲ್ ತಪ್ಪಿಸಿಕೊಂಡು ಬಂದು ಬಂದು ವಿಚಾರಿಸಿದರು, ಮೌಶಿ ಶುಂಠಿ ಕಷಾಯ ಮಾಡಿ ತಂದುಕೊಟ್ಟರು. ನನಗೆ ಗೇಲಿ ಮಾಡುವುದಕ್ಕಾದರೂ ಇವರು ಹಾಡಬೇಕಿತ್ತು.

ಸಾವಧಾನ

ಎರಡು ತಿಂಗಳ ಮೇಲೆ ಮೃದಂಗದವರೇ ಒಂದು ಸುದ್ದಿ ತಂದರು. ಗೋರೆಗಾಂವಿನಲ್ಲಿ ಒಂದು ಮದುವೆ. ಹುಡುಗಿ ಧಾರವಾಡದ ಕಡೆಯವಳು, ಹುಡುಗ ಮರಾಠಿ. ಮುಹೂರ್ತದವರೆಗೆ ನಮ್ಮ ಕಡೆಯ ಹಾಡು ಇರಲಿ ಅಂತ ಹುಡುಗಿಯ ತಂದೆಯ ಆಸೆ. ಇವರು ಒಲ್ಲೆ ಅಂದರು. ನಾನು ಸ್ಟೂಲು ಹಾಕಿ ಅಟ್ಟದಿಂದ ತಂಬೂರಿ ಇಳಿಸಿ ಇವರ ಎದುರಿಗಿಟ್ಟು, "ಇದೊಂದು ಸಲ ಬನ್ನಿ. ಇದೂ ಆಗದಿದ್ದರೆ ಇನ್ನು ಜನ್ಮದಲ್ಲಿ ಕೇಳಲ್ಲ" ಅಂದೆ. ಹೂಂ ಅನ್ನಲಿಲ್ಲ, ಆದರೆ ಪಂಚೆ ಉಟ್ಟುಕೊಂಡರು.

ಮಂಟಪದ ಪಕ್ಕದಲ್ಲೇ ನಮಗೊಂದು ಮಣೆ ಹಾಕಿದ್ದರು. ಮುಹೂರ್ತ ಹನ್ನೆರಡಕ್ಕೆ. ನಾವು ಹತ್ತೂವರೆಗೆ ಕೂತೆವು. ಹುಡುಗನ ಚಿಕ್ಕಪ್ಪ ಒಬ್ಬರಿದ್ದರು, ಎಲ್ಲದಕ್ಕೂ ಆತುರದವರು. ಮುಹೂರ್ತಕ್ಕೆ ಒಂದೂವರೆ ಗಂಟೆ ಇರುವಾಗಲೇ ಹಿತ್ತಾಳೆ ತಟ್ಟೆ ಹಿಡಿದು ಎಲ್ಲರಿಗೂ ಅಕ್ಷತೆ ಹಂಚಿಬಿಟ್ಟರು. ಅಕ್ಷತೆ ಕೈಗೆ ಬಂದ ಮೇಲೆ ಏನಾಗುತ್ತದೆ ಗೊತ್ತಲ್ಲ. ನೆಲಕ್ಕೆ ಹಾಕುವಂತಿಲ್ಲ, ಜೇಬಿಗೆ ತುಂಬುವಂತಿಲ್ಲ, ಎದ್ದು ಹೋಗುವಂತಿಲ್ಲ. ಇನ್ನೂರು ಜನ ಮುಷ್ಟಿ ಬಿಗಿಹಿಡಿದು ತೆಪ್ಪಗೆ ಕೂತರು. ಅಂಥ ಸಭೆಯನ್ನು ನಾವು ಕನಸಿನಲ್ಲೂ ಕಂಡಿರಲಿಲ್ಲ.

ಇವರು ಸಭೆ ನೋಡಿದರು, ನನ್ನನ್ನು ನೋಡಿದರು, ಕಲ್ಯಾಣಿ ಎತ್ತಿಕೊಂಡರು. ಮರಾಠಿಯವರಿಗೆ ಅದು ಅವರದೇ ಯಮನ್ ರಾಗದ ಹಾಗೆ ಕೇಳಿಸುತ್ತದೆ. ಮೊದಲ ಸಾಲಿನಲ್ಲಿದ್ದ ಹುಡುಗನ ಅಜ್ಜಿ ತಲೆದೂಗತೊಡಗಿದರು. ಆಲಾಪನೆ ಆಯಿತು. ಕೀರ್ತನೆ ಆಯಿತು. ಸ್ವರಕ್ಕೆ ಬಂದರು. ಇನ್ನು ಎರಡು ನಿಮಿಷ ಹಾಡಿದರೆ ಮುಗಿಯಿತು.

ಮೃದಂಗದವರಿಗೆ ಖುಷಿಯಾದರೆ ಕೈ ಓಡುತ್ತದೆ, ಅದೊಂದೇ ಅವರ ದೋಷ. ಆ ದಿನ ಓಡಿದ್ದೇ ಓಡಿದ್ದು. ನಮ್ಮ ಮೈಸೂರು ಕಡೆ ನಿಧಾನ, ತಾಳ್ಮೆ ಅನ್ನುವುದಕ್ಕೆ ಒಂದು ಮಾತಿದೆ. ಇವರು ಅವರ ಕಡೆ ತಿರುಗಿ, ಮೆತ್ತಗೆ, ಆದರೆ ಮೈಕಿನ ಮುಂದೆಯೇ ಅಂದರು: "ಸಾವಧಾನ."

ಮರಾಠಿ ಮದುವೆಯಲ್ಲಿ ಪುರೋಹಿತರು ಮಂಗಳಾಷ್ಟಕ ಮುಗಿಸಿ "ಸಾವಧಾನ" ಅಂದರೆ ಅಕ್ಷತೆ ಹಾಕಬೇಕು ಅಂತ ಲೆಕ್ಕ. ಆ ಒಂದು ಮಾತಿಗಾಗಿಯೇ ಜನ ಇಷ್ಟು ಹೊತ್ತೂ ಮುಷ್ಟಿ ಹಿಡಿದು ಕಾದಿದ್ದರು. ಮಂಟಪದಲ್ಲಿ ಹುಡುಗ ಇದ್ದಾನೋ ಹುಡುಗಿ ಇದ್ದಾಳೋ ಅಂತಲೂ ಯಾರೂ ನೋಡಲಿಲ್ಲ. ಇನ್ನೂರು ಮುಷ್ಟಿ ಅಕ್ಷತೆ ಒಟ್ಟಿಗೆ ಹಾರಿತು. ಅಕ್ಷತೆ ಬಿದ್ದ ಕೂಡಲೇ ಬಾರಿಸಬೇಕು ಅಂತ ಹೇಳಿಸಿಕೊಂಡಿದ್ದ ಬ್ಯಾಂಡಿನವರು ಹೊರಗೆ ಬಾರಿಸಿಯೇಬಿಟ್ಟರು. ಹಿಂದಿನ ಸಾಲಿನವರು ಊಟದ ಪಂಕ್ತಿಗೆ ಓಡಿದರು.

ಒಳಕೋಣೆಯಿಂದ ಹುಡುಗ ಓಡಿ ಬಂದ. ಬಾಸಿಂಗದ ಒಂದು ದಾರ ಮಾತ್ರ ಕಟ್ಟಿತ್ತು, ಇನ್ನೊಂದು ಕಿವಿಯ ಹತ್ತಿರ ಜೋತಾಡುತ್ತಿತ್ತು. "ಮಾಝಂ ಲಗ್ನ ಝಾಲಂ ಕಾ?" ಅಂದ. ನನ್ನ ಮದುವೆ ಆಗಿಹೋಯಿತಾ ಅಂತ. ಹುಡುಗಿ ಇನ್ನೂ ಒಳಗೆ ಗೌರಿಪೂಜೆಗೆ ಕೂತಿದ್ದಳು. ಪುರೋಹಿತರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಇನ್ನೂ ಐವತ್ತು ನಿಮಿಷ ಇದೆ, ಯಾರಿಗೆ ಅಕ್ಷತೆ ಹಾಕಿದಿರಿ ಅಂತ ಸಭೆಯನ್ನು ಕೇಳಿದರು. ಅಕ್ಷತೆ ಬಿದ್ದಿದ್ದು ನಮ್ಮ ಮೇಲೆ. ನನಗೂ ಇವರಿಗೂ ಇನ್ನೊಂದು ಸಲ ಮದುವೆಯಾದ ಹಾಗಾಗಿತ್ತು, ಜೊತೆಗೆ ಮೃದಂಗದವರು ಬೇರೆ.

ಇವರು ಶಾಲು ಮಡಿಸಿದರು. ಎರಡೇ ಎರಡು ನಿಮಿಷ ಉಳಿದಿತ್ತು. ಇವರ ಮುಖ ನೋಡುವುದಕ್ಕೆ ನನ್ನಿಂದಾಗಲಿಲ್ಲ.

ಹುಡುಗಿಯ ತಂದೆ ನಮ್ಮ ಕಡೆಗೇ ಬಂದರು. ಬೈಸಿಕೊಳ್ಳುವುದಕ್ಕೆ ಸಿದ್ಧಳಾಗಿ ನಾನು ತಂಬೂರಿ ಅಪ್ಪಿಕೊಂಡೆ. ಅವರು ಕೈಮುಗಿದರು. "ಮಂದಿ ಎದ್ದು ಹೊಂಟಾರ್ರಿ. ಮುಹೂರ್ತದ ತನಕಾ ಹೆಂಗರ ಮಾಡಿ ಕುಂದರಸ್ರಿ. ಹಾಡ್ರಿ. ಹಾಡಷ್ಟ ಹಾಡ್ರಿ, ನಡುವ ಮಾತಾಡಬ್ಯಾಡ್ರಿ."

ಆತುರದ ಚಿಕ್ಕಪ್ಪ ಆಗಲೇ ಅಡಿಗೆಮನೆಯ ಅಕ್ಕಿಗೆ ಕುಂಕುಮ ಕಲಸಿಕೊಂಡು ಬಂದು ಎರಡನೆಯ ಸಲ ಹಂಚುತ್ತಿದ್ದರು. ಮುಷ್ಟಿಗಳು ಮತ್ತೆ ಬಿಗಿದವು. ಇವರು ಬಿಟ್ಟ ಕಡೆಯಿಂದ ಎತ್ತಿಕೊಳ್ಳಲಿಲ್ಲ. ಮೊದಲಿನಿಂದ, ಆಲಾಪನೆಯಿಂದ ಶುರುಮಾಡಿದರು. ಮೃದಂಗದವರು ತುಟಿ ಕಚ್ಚಿಕೊಂಡು, ಒಂದು ಮಾತ್ರೆಯೂ ಓಡದೆ ನುಡಿಸಿದರು. ಅಂಥ ಕಲ್ಯಾಣಿಯನ್ನು ನಾನು ಇವರ ಬಾಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಆಲಾಪನೆ, ಕೀರ್ತನೆ, ಸ್ವರ. ಮುಗಿಯಿತು. ಪೂರ್ತಿ ಮುಗಿಯಿತು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಇಷ್ಟಾದರೂ ಇವರಿಗೆ ಇಷ್ಟೇನಾ ಅಂತ ನನಗೆ ಉರಿಯಿತು. ತಲೆಯೆತ್ತಿ ನೋಡಿದರೆ ಎಲ್ಲರ ಕೈಯೂ ಮುಷ್ಟಿ. ತಟ್ಟುವುದಾದರೂ ಹೇಗೆ?

ಮೊದಲ ಸಾಲಿನ ಅಜ್ಜಿ ತಮ್ಮ ಮುಷ್ಟಿ ನೋಡಿಕೊಂಡರು, ಇವರನ್ನು ನೋಡಿದರು. "ಶಾಬ್ಬಾಸ್" ಅಂತ ಹೇಳಿ ಎದ್ದು ಬಂದು, ಅಷ್ಟೂ ಅಕ್ಷತೆಯನ್ನು ಇವರ ತಲೆಯ ಮೇಲೆ ಸುರಿದುಬಿಟ್ಟರು. ಅವರ ಹಿಂದೆ ಎರಡನೆಯ ಸಾಲು, ಮೂರನೆಯ ಸಾಲು, ಕೊನೆಗೆ ಇಡೀ ಚಪ್ಪರ. ಹೊರಗೆ ಬ್ಯಾಂಡು ಮತ್ತೆ ಶುರುವಾಯಿತು. ಇವರು ಅಕ್ಷತೆ ಒರೆಸಿಕೊಳ್ಳದೆ ಹಾಗೇ ಕೂತಿದ್ದರು, ಕಣ್ಣಿನಿಂದ ಧಾರಾಕಾರ ನೀರು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಮುಹೂರ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಹುಡುಗ ಈ ಸಲ ಓಡಿ ಬರಲಿಲ್ಲ. ಬಾಗಿಲಿನಿಂದ ಕತ್ತು ಮಾತ್ರ ಹೊರಗೆ ಹಾಕಿ, ಈಗಲಾದರೂ ನನ್ನದಾ ಅಂತ ಪುರೋಹಿತರನ್ನು ಕೇಳಿದ. ಪುರೋಹಿತರು ಇವರ ಕಡೆ ಒಂದು ಸಲ ನೋಡಿದರು.

"ಒಳಗೆ ಹೋಗಪ್ಪ" ಅಂದರು. "ಇದು ಅವರದು."